ಮೈಗೆ ತೊಡುವ ರೋಬೋಟ್: ಕೊಳ್ಳುವ ಮುನ್ನ, ತೊಡುವಾಗ, ತೊಟ್ಟ ಮೇಲೆ

ಗಾಲಿಕುರ್ಚಿಯಲ್ಲಿದ್ದವರು ಕಾಲಿಗೆ ಯಂತ್ರ ಬಿಗಿದುಕೊಂಡು ಎದ್ದು ನಿಲ್ಲುವ ವಿಡಿಯೊ ಇಂದು ಎಲ್ಲರ ಮೊಬೈಲ್‌ನಲ್ಲೂ ಇದೆ. ಮನೆಯಲ್ಲಿ ಒಬ್ಬರ ಬೆನ್ನುಹುರಿಗೆ ಪೆಟ್ಟಾಗಿದ್ದರೆ ಅಥವಾ ಲಕ್ವ ಹೊಡೆದಿದ್ದರೆ ದೂರದ ನೆಂಟರೂ ಅದನ್ನು ಹುಡುಕಿ ಕಳುಹಿಸುತ್ತಾರೆ, ಜೊತೆಗೆ 'ಇದನ್ನು ಯಾಕೆ ನೋಡಬಾರದು?' ಎಂಬ ಪ್ರಶ್ನೆ. ವಿಡಿಯೊ ಸುಳ್ಳಲ್ಲ. ಅದು ಅರ್ಧ ನಿಮಿಷದ್ದು, ಅಷ್ಟೇ. ಅದಕ್ಕೆ ಮುಂಚಿನ ತಿಂಗಳುಗಳ ತಯಾರಿ, ಬೆನ್ನ ಹಿಂದೆ ಕೈಯೊಡ್ಡಿ ನಿಂತ ಸಹಾಯಕ, ಯಂತ್ರ ಬಿಚ್ಚಿದ ಮೇಲೆ ಚರ್ಮ ನೋಡುವ ಕೆಲಸ ಯಾವುದೂ ಅದರಲ್ಲಿ ಇರುವುದಿಲ್ಲ. ಇಲ್ಲಿ ಬರೆದಿರುವುದು ಆ ಭಾಗದ ಬಗ್ಗೆ. ಇದನ್ನು ಓದಿ ಯಾರೂ ತಾವೇ ನಿರ್ಧಾರ ಮಾಡಬೇಕಿಲ್ಲ. ಪುನಶ್ಚೇತನ ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು, ಮನೆಗೆ ಮರಳಿದಾಗ ಏನು ಗಮನಿಸಬೇಕು ಎಂಬುದು ತಿಳಿದರೆ ಸಾಕು.

ಮೊದಲ ಹೆಜ್ಜೆ: ಯಂತ್ರದ ಹೆಸರು ಬದಿಗಿಡಿ, ಕೆಲಸದ ಹೆಸರು ಬರೆಯಿರಿ

'ನಡೆಯಬೇಕು' ಎಂದು ಬರೆದರೆ ಸಾಲದು. ಎಲ್ಲಿಂದ ಎಲ್ಲಿಗೆ? ಹಾಸಿಗೆಯಿಂದ ಬಚ್ಚಲಿಗೋ, ಮನೆಯಿಂದ ಅಂಗಡಿಗೋ? ಕೈಯಲ್ಲಿ ಏನಾದರೂ ಹಿಡಿದಿರುತ್ತದೆಯೇ? ಜೊತೆಗೆ ಯಾರಿರುತ್ತಾರೆ? 'ಕೈ ಸರಿಹೋಗಬೇಕು' ಎನ್ನುವುದೂ ಹಾಗೆಯೇ. ಲೋಟ ಎತ್ತಬೇಕೋ, ಪೇಸ್ಟಿನ ಮುಚ್ಚಳ ತಿರುಗಿಸಬೇಕೋ, ಸೀರೆಯ ನೆರಿಗೆ ಹಿಡಿಯಬೇಕೋ, ಸ್ಕೂಟರಿನ ಬ್ರೇಕ್ ಒತ್ತಬೇಕೋ? ದಿನದಲ್ಲಿ ಯಾವ ಮೂರು ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವುದು ಅತಿ ಬೇಸರ ತರಿಸುತ್ತದೆಯೋ ಅವನ್ನು ಆ ವ್ಯಕ್ತಿಯೇ ಹೇಳಬೇಕು. ಮನೆಯವರು ಹೇಳಿದ ಪಟ್ಟಿ ಬಹುತೇಕ ಬೇರೆಯೇ ಆಗಿರುತ್ತದೆ. ಮನೆಯವರಿಗೆ ನಡಿಗೆ ಬೇಕು, ಆ ವ್ಯಕ್ತಿಗೆ ತಾನೇ ಶೌಚಕ್ಕೆ ಹೋಗುವುದು ಬೇಕು.

ಪಟ್ಟಿಯನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೊಂಟದಿಂದ ಕೆಳಗೆ ಚಲನೆಯೇ ಇಲ್ಲದವರು ತೊಡುವ ನಡಿಗೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಎರಡು ಕೈಯಲ್ಲೂ ಊರುಗೋಲು ಬೇಕು. ಸಮತೋಲನ ಕಾಯುವುದು ಯಂತ್ರವಲ್ಲ, ತೋಳು. ಹಾಗಾಗಿ ಅದನ್ನು ತೊಟ್ಟು ಅಡುಗೆಮನೆಗೆ ನಡೆದು ಹೋಗಬಹುದು, ಕಾಫಿ ಲೋಟ ಹಿಡಿದು ಮರಳಲಾಗುವುದಿಲ್ಲ. ನ್ಯೂಜಿಲೆಂಡ್‌ನ ರೆಕ್ಸ್, ಫ್ರಾನ್ಸಿನ ವಾಂಡರ್‌ಕ್ರಾಫ್ಟ್ ಕಂಪನಿಯ ಅಟಲಾಂಟೆಯಂತಹ ಕೆಲವು ಮಾತ್ರ ತಾವಾಗಿಯೇ ಸಮತೋಲನ ಕಾಯುತ್ತವೆ. ಅವು ಭಾರಿ ಗಾತ್ರದವು, ನಿಧಾನದವು. ವೇಗದ ವಿಷಯದಲ್ಲೂ ಕನಸು ಬೇಡ. ಎದೆಯಿಂದ ಕೆಳಗೆ ಚಲನೆ ಕಳೆದುಕೊಂಡ ಇಂಗ್ಲೆಂಡಿನ ಕ್ಲೇರ್ ಲೋಮಸ್ 2012ರಲ್ಲಿ ರಿವಾಕ್ ಎಂಬ ನಡಿಗೆಯ ಯಂತ್ರ ತೊಟ್ಟು ಲಂಡನ್ ಮ್ಯಾರಥಾನ್ ಮುಗಿಸಿದರು. ಅದು ದೊಡ್ಡ ಸಾಧನೆಯೇ. ಆ 42 ಕಿಲೋಮೀಟರಿಗೆ ಎರಡು ವಾರಕ್ಕೂ ಹೆಚ್ಚು ದಿನ ಹಿಡಿಯಿತು ಎಂಬುದೂ ಅಷ್ಟೇ ಮುಖ್ಯ. ಅಂಗಡಿಗೆ ಹೋಗಿ ಬರಲು ಗಾಲಿಕುರ್ಚಿಯೇ ವೇಗದ ವಾಹನ. ಹಾಗಿದ್ದೂ ನಿಲ್ಲುವುದಕ್ಕೆ, ಎದುರಿನವರ ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುವುದಕ್ಕೆ, ದಿನಕ್ಕೆ ಒಂದಷ್ಟು ಹೊತ್ತು ಕಾಲಿನ ಮೇಲೆ ಭಾರ ಬೀಳುವುದಕ್ಕೆ ಯಂತ್ರ ಬೇಕು ಎನ್ನುವವರಿದ್ದಾರೆ. ಅದು ಒಪ್ಪತಕ್ಕ ಕಾರಣ. ಕಾಗದದ ಮೇಲೆ ಹಾಗೆಯೇ ಬರೆಯಿರಿ.

ಎರಡನೆಯದು: ಕಾಯಿಲೆಗೆ ತಕ್ಕ ಗುಂಪು ಯಾವುದು ಎಂದು ತಿಳಿಯುವುದು

ಬೆನ್ನುಹುರಿಗೆ ಎದೆಯ ಕೆಳಭಾಗದಲ್ಲಿ ಪೆಟ್ಟು ಬಿದ್ದು, ಕೈ ಮತ್ತು ಭುಜ ಗಟ್ಟಿಯಾಗಿದ್ದವರಿಗೆ ರಿವಾಕ್, ಇಂಡಿಗೊ ಮಾದರಿಯ ಎಕ್ಸೊಸ್ಕೆಲಿಟನ್‌ಗಳಿವೆ, ಅಂದರೆ ದೇಹದ ಹೊರಗೆ ತೊಡುವ ಯಾಂತ್ರಿಕ ಚೌಕಟ್ಟುಗಳು. ಸೊಂಟ ಮತ್ತು ಮೊಣಕಾಲಿನ ಬಳಿ ಮೋಟರ್, ಹಿಂದೆ ಬ್ಯಾಟರಿ, ಮುಂದಕ್ಕೆ ವಾಲಿದರೆ ಹೆಜ್ಜೆ. ರಿವಾಕ್‌ಗೆ ಮನೆ ಮತ್ತು ಹೊರಗಡೆ ಬಳಸಲು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಸಿಕ್ಕಿದ್ದು 2014ರಲ್ಲಿ. ಇದನ್ನು ರೂಪಿಸಿದ ಇಸ್ರೇಲಿನ ಅಮಿತ್ ಗೋಫರ್ ಅಪಘಾತದಲ್ಲಿ ಕೈಕಾಲು ಎರಡರ ಬಲವನ್ನೂ ಕಳೆದುಕೊಂಡವರು. ಆದ್ದರಿಂದಲೇ ಅವರು ಮಾಡಿದ ಮೊದಲ ಯಂತ್ರ ಅವರಿಗೇ ಹೊಂದಲಿಲ್ಲ, ಊರುಗೋಲು ಹಿಡಿಯಲು ಕೈ ಬೇಕಿತ್ತು. ತಯಾರಕರು ಕೊಡುವ ಅಳತೆಯನ್ನೂ ನೋಡಿ. ರಿವಾಕ್ ಹೊಂದುವುದು 160ರಿಂದ 190 ಸೆಂಟಿಮೀಟರ್ ಎತ್ತರದ, 100 ಕಿಲೋ ಒಳಗಿನ ತೂಕದವರಿಗೆ. ಭಾರತದ ಮಹಿಳೆಯರ ಸರಾಸರಿ ಎತ್ತರ 152 ಸೆಂಟಿಮೀಟರಿನ ಆಸುಪಾಸು. ಅಂದರೆ ನಮ್ಮ ಹೆಚ್ಚಿನ ಹೆಂಗಸರು ಬಾಗಿಲಲ್ಲೇ ನಿಲ್ಲುತ್ತಾರೆ. ಇದನ್ನು ಮಾರಾಟದವರು ತಾವಾಗಿ ಹೇಳುವುದು ಕಡಿಮೆ.

ಲಕ್ವ ಹೊಡೆದು ಒಂದು ಪಕ್ಕ ಸೋತವರಿಗೆ ಮನೆಗೊಯ್ಯುವ ದೊಡ್ಡ ಯಂತ್ರದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅವರಿಗೆ ಎಕ್ಸೊ ಬಯೋನಿಕ್ಸ್‌ನಂತಹ ಕಂಪನಿಗಳ ಯಂತ್ರದಲ್ಲಿ ಆಸ್ಪತ್ರೆಯೊಳಗೆ ನಡಿಗೆಯ ಅಭ್ಯಾಸ ಕೊಡುತ್ತಾರೆ. ತಿರುವನಂತಪುರದ ಜೆನ್‌ರೊಬೊಟಿಕ್ಸ್ ಮಾಡಿದ ಜಿ-ಗೇಟರ್ ಕೂಡ ಇಂತಹ ಅಭ್ಯಾಸದ ಯಂತ್ರ. ಮ್ಯಾನ್‌ಹೋಲ್‌ಗೆ ಮನುಷ್ಯರು ಇಳಿಯುವುದನ್ನು ತಪ್ಪಿಸಲು ಬ್ಯಾಂಡಿಕೂಟ್ ರೋಬೋಟ್ ತಂದವರೂ ಇವರೇ. ಇಂತಹ ಯಂತ್ರದ ಅಭ್ಯಾಸವು ಫಿಸಿಯೋಥೆರಪಿಯ ಜೊತೆಗೆ ಸೇರಿದಾಗ, ಅದರಲ್ಲೂ ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ ಮತ್ತು ನಡೆಯಲೇ ಆಗದವರಲ್ಲಿ, ಹೆಚ್ಚು ಫಲ ಕೊಡುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ತೀರ್ಮಾನ. ವರ್ಷಗಳ ಮೇಲೆ, ಊರುಗೋಲು ಹಿಡಿದು ಹೇಗೋ ನಡೆಯುತ್ತಿರುವವರು ಅದಕ್ಕೆ ಲಕ್ಷಗಟ್ಟಲೆ ಸುರಿಯುವ ಮುನ್ನ ಎರಡು ಸಲ ಯೋಚಿಸಬೇಕು.

ಪಾದ ಜೋತುಬಿದ್ದು ನೆಲಕ್ಕೆ ಉಜ್ಜುವುದೊಂದೇ ತೊಂದರೆಯಾದರೆ, ಹಗುರವಾದ ಪ್ಲಾಸ್ಟಿಕ್ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಸಾಕಾಗಬಹುದು. ಮೊಣಕಾಲಿನ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಪಾದ ಎತ್ತಿಸುವ ಪಟ್ಟಿಗಳೂ ಇವೆ. ಆದರೆ ಇವು ಕೆಲಸ ಮಾಡುವುದು ಮೆದುಳು ಅಥವಾ ಬೆನ್ನುಹುರಿಯ ಮೇಲ್ಭಾಗದಲ್ಲಿ ತೊಂದರೆ ಇದ್ದು, ಸ್ನಾಯುವಿಗೆ ಹೋಗುವ ನರ ಸರಿಯಿದ್ದರೆ ಮಾತ್ರ. ಪೋಲಿಯೊದಲ್ಲಿ ಹಾಳಾಗಿರುವುದು ಆ ನರದ ಮೂಲವೇ. ಪೋಲಿಯೊ ಆದವರಿಗೆ ವಿದ್ಯುತ್ ಪಟ್ಟಿ ಮಾರಲು ಬಂದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸಿ. ಅವರಿಗೆ ಉದ್ದದ ಕ್ಯಾಲಿಪರ್ ಅಥವಾ ಮೊಣಕಾಲಿನ ಹೈಡ್ರಾಲಿಕ್ ತಡೆಯನ್ನು ಪುಟ್ಟ ಕಂಪ್ಯೂಟರ್ ಚಿಪ್‌ನಿಂದ ಹೊಂದಿಸುವ, ಒಟೊಬಾಕ್ ಕಂಪನಿಯ ಸಿ-ಬ್ರೇಸ್ ಥರದ್ದು ಹೊಂದಬಹುದು. ಸಿ-ಬ್ರೇಸ್ ಕಾಲನ್ನು ಎತ್ತಿ ಇಡುವುದಿಲ್ಲ, ಮೊಣಕಾಲು ಕುಸಿಯದಂತೆ ಹಿಡಿಯುತ್ತದೆ. ಕಾಲನ್ನು ಮುಂದಕ್ಕೆ ತರುವ ಬಲ ಸೊಂಟದಲ್ಲಿ ಉಳಿದಿರಬೇಕು.

ಸ್ನಾಯು ಕ್ಷಯದಂತಹ, ದಿನೇದಿನೇ ಬಲ ಕುಗ್ಗುವ ಕಾಯಿಲೆಗಳಲ್ಲಿ ಲೆಕ್ಕವೇ ಬೇರೆ. ತ್ಸುಕುಬಾ ವಿಶ್ವವಿದ್ಯಾಲಯದ ಯೊಶಿಯುಕಿ ಸಂಕಾಯಿ ರೂಪಿಸಿದ 'ಹ್ಯಾಲ್' ಯಂತ್ರ ಚರ್ಮದ ಮೇಲೆ ಸಿಗುವ ನರಸಂಕೇತ ಓದಿ ಕಾಲಿಗೆ ನೆರವಾಗುತ್ತದೆ. ಇಂತಹ ಎಂಟು ಕಾಯಿಲೆಗಳಿಗೆ ಅದರ ಚಿಕಿತ್ಸೆಯನ್ನು ಜಪಾನ್ 2016ರಲ್ಲಿ ಸಾರ್ವಜನಿಕ ವಿಮೆಗೆ ಸೇರಿಸಿತು. ಈ ಕಾಯಿಲೆಗಳಲ್ಲಿ ಸ್ನಾಯುವನ್ನು ದಣಿಸುವುದೇ ಅಪಾಯ, ಮನೆಯಲ್ಲಿ ಸ್ವಂತ ಪ್ರಯೋಗ ಸಲ್ಲದು.

ಆನ್‌ಲೈನ್‌ನಲ್ಲಿ ಮಾರುವ, ಬೆಟ್ಟ ಹತ್ತುವವರ ಸೊಂಟಪಟ್ಟಿ ಯಂತ್ರಗಳ ಬಗ್ಗೆಯೂ ಒಂದು ಮಾತು. ಅವು ಇರುವ ಚಲನೆಗೆ ಬಲ ಸೇರಿಸುತ್ತವೆ. ಚಲನೆಯೇ ಇಲ್ಲದ ಕಾಲಿಗೆ ಅವುಗಳಿಂದ ಏನೂ ಆಗದು.

ಮೂರನೆಯದು: ದೇಹ ಸಿದ್ಧವಿದೆಯೇ?

ಹೆಚ್ಚಿನ ಆಸೆಗಳು ಮುರಿಯುವುದು ಇಲ್ಲಿ. ಕೈಯಲ್ಲಿ ಹಣವಿದ್ದೂ ಸೊಂಟದ ಕೀಲು ನೇರವಾಗದ ಕಾರಣಕ್ಕೆ ಮರಳಿದವರನ್ನು ಪುನಶ್ಚೇತನ ಕೇಂದ್ರಗಳಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ನೆನಪಿಸಿಕೊಳ್ಳುತ್ತಾರೆ.

ಕೀಲುಗಳು ಮೊದಲು. ವರ್ಷಗಟ್ಟಲೆ ಕುಳಿತೇ ಇದ್ದರೆ ಸೊಂಟ ಮತ್ತು ಮೊಣಕಾಲು ಬಾಗಿದಲ್ಲೇ ಗಟ್ಟಿಯಾಗುತ್ತವೆ, ಪಾದ ಕೆಳಕ್ಕೆ ಮುಖ ಮಾಡಿ ನಿಲ್ಲುತ್ತದೆ. ನಿಂತಾಗ ಸೊಂಟ ನೇರವಾಗಬೇಕು, ಮೊಣಕಾಲು ಪೂರ್ತಿ ಚಾಚಬೇಕು, ಅಂಗಾಲು ನೆಲಕ್ಕೆ ಸಮನಾಗಿ ಊರಬೇಕು. ಇದನ್ನು ಯಂತ್ರದಿಂದ ಬಲವಂತವಾಗಿ ಸಾಧಿಸಹೊರಟರೆ ಮೂಳೆ ಮುರಿಯಬಹುದು. ಬೋರಲು ಮಲಗಲು ವೈದ್ಯರ ಒಪ್ಪಿಗೆ ಇದ್ದರೆ, ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಾಗೆ ಮಲಗುವುದು ಸೊಂಟದ ಮುಂಭಾಗ ಸಡಿಲವಾಗಲು ಇರುವ ಅಗ್ಗದ ದಾರಿ. ನಿಲ್ಲಿಸುವ ಚೌಕಟ್ಟಿನಲ್ಲಿ ಅರ್ಧ ಗಂಟೆ ತಲೆ ಸುತ್ತದೆ ನಿಲ್ಲಲು ಬರುವವರೆಗೆ ಯಂತ್ರದ ಮಾತೆತ್ತಬೇಡಿ.

ಮೂಳೆ. ಬೆನ್ನುಹುರಿಗೆ ಪೆಟ್ಟಾದ ಮೊದಲ ಒಂದೆರಡು ವರ್ಷದಲ್ಲಿ ಪೆಟ್ಟಿನ ಕೆಳಗಿನ ಮೂಳೆಗಳು ಭರದಿಂದ ಸವೆಯುತ್ತವೆ, ಅದರಲ್ಲೂ ಮೊಣಕಾಲಿನ ಸುತ್ತ. ಇಲ್ಲೊಂದು ತೊಡಕಿದೆ. ಸಾಮಾನ್ಯ ಮೂಳೆ ಸಾಂದ್ರತೆ ಪರೀಕ್ಷೆಯಲ್ಲಿ ಸೊಂಟದ ಜೊತೆ ಬೆನ್ನೆಲುಬನ್ನೂ ಅಳೆಯುತ್ತಾರೆ. ಬೆನ್ನೆಲುಬಿನ ಅಂಕಿ ಚೆನ್ನಾಗಿಯೇ ಬರಬಹುದು, ಕಾಲಿನ ಮೂಳೆ ಮಾತ್ರ ಸೀಮೆಸುಣ್ಣದಷ್ಟು ದುರ್ಬಲವಾಗಿರಬಹುದು. ಆದ್ದರಿಂದ ಸೊಂಟದ ಮತ್ತು ಸಾಧ್ಯವಾದರೆ ಮೊಣಕಾಲಿನ ಅಳತೆ ಕೇಳಿ. ಸ್ಪರ್ಶವಿಲ್ಲದ ಕಾಲಿನಲ್ಲಿ ಮೂಳೆ ಮುರಿದರೂ ನೋವು ಗೊತ್ತಾಗುವುದಿಲ್ಲ. ಅಭ್ಯಾಸದ ನಂತರ ಒಂದು ಕಾಲು ಮಾತ್ರ ಊದಿ, ಬಿಸಿಯಾಗಿ, ಆಕಾರ ಬದಲಾಗಿದ್ದರೆ ಎಣ್ಣೆ ತಿಕ್ಕಬೇಡಿ; ಎಕ್ಸ್‌ರೇ ತೆಗೆಸಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಇದೇ ಊತ, ಬಿಸಿ ಕಾಣುವುದರಿಂದ ಮರುದಿನಕ್ಕೆ ಮುಂದೂಡುವ ವಿಷಯವಲ್ಲ ಇದು.

ರಕ್ತದೊತ್ತಡ ಎರಡು ದಿಕ್ಕಿನಲ್ಲೂ ಕೈಕೊಡಬಹುದು. ನಿಂತೊಡನೆ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಕುಸಿದರೆ ಕಣ್ಣು ಕತ್ತಲಾಗುತ್ತದೆ. ಪೆಟ್ಟು ಎದೆಯ ಆರನೆಯ ಬೆನ್ನುಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಅದಕ್ಕೆ ತದ್ವಿರುದ್ಧವಾದ, ಹೆಚ್ಚು ಅಪಾಯದ ಸ್ಥಿತಿ ಬರಬಹುದು: ಹಠಾತ್ ತಲೆ ಸಿಡಿತ, ಮುಖ ಕೆಂಪೇರುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ರಕ್ತದೊತ್ತಡ ಗಗನಕ್ಕೆ. ಕಾರಣ ಬಹುತೇಕ ಸಣ್ಣದು. ತುಂಬಿದ ಮೂತ್ರಕೋಶ, ಪಟ್ಟಿಯ ಕೆಳಗೆ ಮಡಿಚಿದ, ಮೂತ್ರ ಹೊರಹೋಗುವ ಕ್ಯಾಥೆಟರ್ ಕೊಳವೆ, ತೊಡೆಗೆ ಒತ್ತುವ ಬಕಲ್. ತಕ್ಷಣ ಕೂರಿಸಿ, ಮಲಗಿಸಬೇಡಿ. ಎಲ್ಲ ಪಟ್ಟಿ ಸಡಿಲಿಸಿ, ಕೊಳವೆ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಯಂತ್ರದ ಬಳಿ ನಿಲ್ಲುವ ಮನೆಯವರು ಎಲ್ಲರೂ ಇದನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಅಭ್ಯಾಸಕ್ಕೆ ಮುನ್ನ ಮೂತ್ರಕೋಶ ಖಾಲಿ ಮಾಡುವುದು ಇದೇ ಕಾರಣಕ್ಕೆ.

ಸ್ನಾಯು ಸೆಡೆತ ತೀವ್ರವಾಗಿದ್ದರೆ ಮೋಟರಿಗೂ ಸ್ನಾಯುವಿಗೂ ಜಗಳ ಬೀಳುತ್ತದೆ. ಔಷಧಿಯಿಂದ ಅದನ್ನು ಹದಕ್ಕೆ ತಂದ ಮೇಲೆಯೇ ಮುಂದಿನ ಮಾತು. ತೆರೆದ ಹುಣ್ಣು ಇದ್ದರೆ ಅದು ಮಾಯುವವರೆಗೆ ಯಂತ್ರವಿಲ್ಲ, ಚರ್ಚೆಯೂ ಇಲ್ಲ.

ನಾಲ್ಕನೆಯದು: ಪ್ರಯೋಗಕ್ಕೆ ಹೋಗುವಾಗ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ವೆಲ್ಲೂರಿನ ಸಿಎಂಸಿ, ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಬೆನ್ನುಹುರಿಯ ಪುನಶ್ಚೇತನಕ್ಕೆ ಹೆಸರಾದವು. ಯಾವ ಯಂತ್ರ ಎಲ್ಲಿದೆ ಎಂಬುದು ಬದಲಾಗುತ್ತಿರುತ್ತದೆ, ಫೋನ್ ಮಾಡಿ ಕೇಳಿಯೇ ಹೊರಡಿ. ಮೊದಲ ಸಲಹೆಯನ್ನು ಮಾರುವವರಿಂದ ಪಡೆಯದೆ ಪುನಶ್ಚೇತನ ವೈದ್ಯರಿಂದ ಪಡೆಯುವುದು ಉತ್ತಮ.

ಪ್ರಯೋಗದ ದಿನ ಮನೆಯಲ್ಲಿ ಉಡುವ ಬಟ್ಟೆ, ನಿತ್ಯದ ಚಪ್ಪಲಿ ಅಥವಾ ಶೂ ಒಯ್ಯಿರಿ. ದಪ್ಪ ಹೊಲಿಗೆಯ ಜೀನ್ಸ್ ಬೇಡ, ಹಿಂಬದಿಯ ಜೇಬಿನಲ್ಲಿ ಪರ್ಸ್ ಬೇಡ. ಲುಂಗಿ, ಸೀರೆ ತೊಟ್ಟು ಪಟ್ಟಿ ಬಿಗಿಯಲಾಗದು. ಮನೆಯಲ್ಲಿ ನೆರವಾಗುವವರೇ ಜೊತೆಗೆ ಬರಬೇಕು, ಏಕೆಂದರೆ ಮನೆ ಬಳಕೆಗೆ ಅನುಮತಿ ಇರುವ ಯಂತ್ರಗಳಿಗೂ ತರಬೇತಿ ಪಡೆದ ಸಂಗಾತಿ ಪಕ್ಕದಲ್ಲಿರಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಮಗ ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವನಾದರೆ ಯಂತ್ರ ತೊಡಿಸುವವರು ಯಾರು?

ಗಡಿಯಾರ ಹಿಡಿದು ತೊಡುವ ಮತ್ತು ಬಿಚ್ಚುವ ಹೊತ್ತನ್ನು ಅಳೆಯಿರಿ. ತಂತ್ರಜ್ಞರು ತೊಡಿಸಿದ್ದಲ್ಲ, ನೀವೇ ತೊಡಿಸಿದ್ದು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ತೊಡುವುದಾದರೆ ಮೂರನೆಯ ತಿಂಗಳಿಗೆ ಅದು ಅಟ್ಟ ಸೇರುತ್ತದೆ. ಮೊದಲ ಹೆಜ್ಜೆಯಲ್ಲಿ ಬರೆದ ಕೆಲಸವನ್ನು ಅಲ್ಲೇ ಮಾಡಿಸಿ ನೋಡಿ. ನಯವಾದ ಸಭಾಂಗಣದಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ. ಹೊಸ್ತಿಲು ದಾಟಿಸಲಿ, ಕಾಲೊರಸುವ ಚಾಪೆಯ ಮೇಲೆ ನಡೆಸಲಿ, ಕುರ್ಚಿಯಿಂದ ಏಳಿಸಿ ಮತ್ತೆ ಕೂರಿಸಲಿ. ಕೊನೆಗೆ ಒಂದು ಪ್ರಶ್ನೆ ಕೇಳಿ, ಮಾಡಿ ತೋರಿಸಲು ಹೇಳಿ: ನಿಂತಿರುವಾಗ ಬ್ಯಾಟರಿ ಕೈಕೊಟ್ಟರೆ ಮೊಣಕಾಲು ಬಿಗಿಯಾಗಿ ನಿಲ್ಲುತ್ತದೆಯೋ, ನಿಧಾನಕ್ಕೆ ಕೂರಿಸುತ್ತದೆಯೋ, ಸಡಿಲವಾಗಿ ಬಿಡುತ್ತದೆಯೋ? ಉತ್ತರ ತಡವರಿಸಿದರೆ ಕಂಪನಿಯ ಕೈಪಿಡಿ ತೆರೆಸಿ.

ಐದನೆಯದು: ಕೈಗೆ ತೊಡುವುದು

ಕಾಲಿನ ಯಂತ್ರಕ್ಕೆ ಪ್ರಚಾರ ಹೆಚ್ಚು, ದಿನನಿತ್ಯದ ಉಪಯೋಗ ಮಾತ್ರ ಕೈಯ ಸಾಧನಗಳಿಂದ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಇವುಗಳಲ್ಲಿ ಮೂರು ಬಗೆ ಇವೆ, ಅಂಗಡಿಯವರು ಮೂರನ್ನೂ 'ರೋಬೋಟ್ ಗ್ಲೌಸ್' ಎನ್ನುತ್ತಾರೆ. ಒಂದು, ಗಾಳಿ ತುಂಬಿ ಬೆರಳನ್ನು ಮಡಚಿ ಬಿಡಿಸುವ ಗ್ಲೌಸು. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಕೊಳವೆಯಿಂದ ಪಂಪಿನ ಪೆಟ್ಟಿಗೆಗೆ ಕಟ್ಟಿಹಾಕಿರುತ್ತದೆ. ಕೀಲು ಗಟ್ಟಿಯಾಗದಂತೆ ಅಭ್ಯಾಸಕ್ಕೆ ಸರಿ, ಅದನ್ನು ತೊಟ್ಟು ಲೋಟ ಎತ್ತುವ ಆಸೆ ಬೇಡ. ಎರಡು, ಹಿಡಿತಕ್ಕೆ ಬಲ ಸೇರಿಸುವ ಸಾಧನ. ಸ್ವೀಡನ್ನಿನ ಕಾರ್ಬನ್‌ಹ್ಯಾಂಡ್ ಇಂಥದ್ದು; ಸ್ವಲ್ಪವಾದರೂ ಹಿಡಿತ ಉಳಿದವರಿಗೆ. ಅಮೆರಿಕದ ಮೈಯೊಪ್ರೊ ತೋಳಿನ ಸ್ನಾಯುವಿನ ಕ್ಷೀಣ ವಿದ್ಯುತ್ ಸಂಕೇತ ಓದಿ ಮೊಣಕೈ ಮತ್ತು ಬೆರಳನ್ನು ಚಲಿಸುತ್ತದೆ. ತೂಕ ಎರಡು ಕಿಲೋ ಹತ್ತಿರ, ಭುಜದ ಕೀಲು ಜಾರಿದವರಿಗೆ ಆ ಭಾರವೇ ತೊಂದರೆ. ಮೂರು, ಬರೀ ಅಳೆಯುವ ಸಾಧನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗ 2022ರಲ್ಲಿ ತೋರಿಸಿದ, ಬೆಳಕಿನ ಬದಲಾವಣೆಯಿಂದ ಬೆರಳಿನ ಚಲನೆ ಗುರುತಿಸುವ ಅಗ್ಗದ ಗ್ಲೌಸು ಈ ಗುಂಪಿನದು. ಅದು ಕೈಯನ್ನು ಚಲಿಸುವುದಿಲ್ಲ, ಮನೆಯಲ್ಲಿ ಮಾಡಿದ ಅಭ್ಯಾಸವನ್ನು ದೂರದಲ್ಲಿರುವ ವೈದ್ಯರಿಗೆ ಕಾಣಿಸುತ್ತದೆ. ಸಿಎಂಸಿ ವೆಲ್ಲೂರು ಮತ್ತು ಐಐಟಿ ಮದ್ರಾಸ್ ಸೇರಿ ಮಾಡಿದ ಪ್ಲೂಟೊ ತೊಡುವ ಸಾಧನವಲ್ಲ, ಮೇಜಿನ ಮೇಲಿಟ್ಟು ಕೈಗೆ ಅಭ್ಯಾಸ ಕೊಡುವ ಪುಟ್ಟ ರೋಬೋಟ್. ಸ್ವಂತಕ್ಕೆ ಕೊಳ್ಳುವ ಮುನ್ನ ಇಂಥದ್ದರಲ್ಲಿ ಕೆಲವು ವಾರ ಪಳಗುವುದು ಒಳ್ಳೆಯದು.

ಇನ್ನು ತೊಡಿಸುವುದು. ಲಕ್ವ ಹೊಡೆದ, ಮುಷ್ಟಿ ಬಿಗಿದ ಕೈಗೆ ಗ್ಲೌಸು ಹಾಕಲು ಬೆರಳ ತುದಿ ಹಿಡಿದು ಎಳೆದರೆ ಮುಷ್ಟಿ ಇನ್ನಷ್ಟು ಬಿಗಿಯುತ್ತದೆ. ಮೊದಲು ಉಗುರು ಕತ್ತರಿಸಿ, ಉಂಗುರ ತೆಗೆಯಿರಿ. ಮೊಣಕೈಯನ್ನು ಮೇಜಿನ ಮೇಲೆ ದಿಂಬಿಟ್ಟು ಊರಿಸಿ, ತೋಳನ್ನು ಎಂದೂ ಜಗ್ಗಬೇಡಿ. ಹೆಬ್ಬೆರಳ ಬುಡದ ಮೆತ್ತನೆಯ ದಿಬ್ಬವನ್ನು ನಿಮ್ಮ ಅಂಗೈಯಿಂದ ಹಿಡಿದು, ಹೆಬ್ಬೆರಳನ್ನು ಅಂಗೈಯಿಂದ ನಿಧಾನವಾಗಿ ಹೊರಕ್ಕೆ ತನ್ನಿ. ಜೊತೆಗೆ ಅಂಗೈ ಮೇಲ್ಮುಖವಾಗುವಂತೆ ಮುಂಗೈಯನ್ನು ತಿರುಗಿಸಿ. ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ ಬೆರಳುಗಳ ಬಿಗಿ ತಾನೇ ಕಳಚುತ್ತದೆ. ಹಾಗೇ ಹಿಡಿದಿರಿ, ಅವಸರ ಬೇಡ. ಬೆರಳು ಮೆತ್ತಗಾಗುವುದು ನಿಮ್ಮ ಕೈಗೇ ತಿಳಿಯುತ್ತದೆ. ಆ ಹಿಡಿತ ಬಿಡದೆ ನಾಲ್ಕು ಬೆರಳನ್ನು ಒಂದೊಂದಾಗಿ ಒಳಗೆ ಸೇರಿಸಿ, ಹೆಬ್ಬೆರಳು ಕೊನೆಗೆ, ಮಣಿಕಟ್ಟನ್ನು ನೇರ ಮಾಡುವುದು ಅದಕ್ಕೂ ಕೊನೆಗೆ. ಮೊದಲ ವಾರ ಥೆರಪಿಸ್ಟ್ ನೋಡುತ್ತಿರುವಾಗಲೇ ಮಾಡಿ.

ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಕೈಗೆ ಈ ಪಾಠವೇ ತಿರುಗುಮುರುಗು. ಅವರಲ್ಲಿ ಹಲವರಿಗೆ ಬೆರಳಲ್ಲಿ ಬಲವಿಲ್ಲ, ಆದರೆ ಮಣಿಕಟ್ಟನ್ನು ಮೇಲಕ್ಕೆತ್ತುವ ಬಲ ಉಳಿದಿರುತ್ತದೆ. ಮಣಿಕಟ್ಟು ಎತ್ತಿದಾಗ ಬೆರಳಿನ ಸ್ನಾಯುರಜ್ಜು ಜಗ್ಗಿ ಬೆರಳು ತಾವೇ ಮಡಚಿಕೊಳ್ಳುತ್ತವೆ. ಚಮಚ, ಪೆನ್ನು, ಮೊಬೈಲ್ ಹಿಡಿಯಲು ಅವರ ಪಾಲಿಗೆ ಇರುವ ಏಕೈಕ ಹಿಡಿತ ಅದು. ಬೆರಳು ಮತ್ತು ಮಣಿಕಟ್ಟು ಎರಡನ್ನೂ ಒಟ್ಟಿಗೆ ನೇರಕ್ಕೆ ಚಾಚುವ ಗ್ಲೌಸನ್ನು ದಿನವೂ ತೊಡಿಸಿದರೆ ಆ ರಜ್ಜು ಸಡಿಲವಾಗಿ, ಇದ್ದ ಹಿಡಿತವೂ ಹೋಗುತ್ತದೆ. ಅಗ್ಗದ ಗಾಳಿ ಗ್ಲೌಸನ್ನು ಪ್ರೀತಿಯಿಂದ ತಂದುಕೊಟ್ಟ ಬಂಧುಗಳಿಗೆ ಇದು ಗೊತ್ತಿರುವುದಿಲ್ಲ. ದಿನನಿತ್ಯದ ಕೆಲಸಗಳಿಗೆ ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟರನ್ನು ಕೇಳದೆ ಇಂತಹ ಕೈಗೆ ಯಾವುದನ್ನೂ ತೊಡಿಸಬೇಡಿ.

ನಮ್ಮ ಮನೆಗಳಿಗೆ ವಿಶೇಷವಾದ ಎರಡು ಸಂಗತಿ. ಲಕ್ವ ಹೊಡೆದ ಕೈಗೆ ಎಣ್ಣೆ ತಿಕ್ಕುವುದು ರೂಢಿ. ಸ್ನಾಯು ಸಂಕೇತ ಓದುವ ಸಾಧನಕ್ಕೆ ಎಣ್ಣೆಯ ಪದರ ಅಡ್ಡಿ. ತಿಕ್ಕುವುದಿದ್ದರೆ ರಾತ್ರಿ ತಿಕ್ಕಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒಣಗಿಸಿ. ಎರಡನೆಯದು ಊಟ. ಒದ್ದೆ ಬೆರಳಲ್ಲಿ ರಾಗಿ ಮುದ್ದೆ ಮುರಿಯುವುದು, ಜೋಳದ ರೊಟ್ಟಿ ಚೂರು ಮಾಡಿ ಪಲ್ಯ ಹಿಡಿಯುವುದು ಈಗಿನ ಯಾವ ಗ್ಲೌಸಿನಿಂದಲೂ ಆಗುವ ಕೆಲಸವಲ್ಲ. ಒದ್ದೆಯಾಗಬಾರದು ಎಂಬುದು ಒಂದು, ಬೆರಳಿಗೆ ಬಿಸಿ ತಣ್ಣನೆ ತಿಳಿಯುವುದಿಲ್ಲ ಎಂಬುದು ಇನ್ನೊಂದು. ಅಂಗೈಗೆ ಸುತ್ತುವ ಬಟ್ಟೆಯ ಪಟ್ಟಿಯಲ್ಲಿ ಚಮಚ ಸಿಕ್ಕಿಸಿ ಉಣ್ಣುವುದು ಯಂತ್ರಕ್ಕಿಂತ ಸಲೀಸು.

ಆರನೆಯದು: ಕಾಲಿನ ಯಂತ್ರ ಮನೆಗೆ ಬಂದ ಮೇಲೆ

ಮೊದಲ ದಿನಗಳಲ್ಲಿ ನಿಲ್ಲುವುದು, ಭಾರ ಬದಲಿಸುವುದು, ಕೂರುವುದು ಅಷ್ಟೇ. ಹೆಜ್ಜೆ ಆಮೇಲೆ. ಯಂತ್ರದ ಮೊಣಕಾಲ ಕೀಲು ಮತ್ತು ನಿಜವಾದ ಮೊಣಕಾಲು ಒಂದೇ ಎತ್ತರದಲ್ಲಿ ಇರಬೇಕು. ಸ್ವಲ್ಪ ಮೇಲೆ ಕೆಳಗಾದರೂ ಪ್ರತಿ ಹೆಜ್ಜೆಗೂ ಪಟ್ಟಿ ಚರ್ಮವನ್ನು ಎಳೆದು ತಿಕ್ಕುತ್ತದೆ. ತೂಕ ಹೆಚ್ಚು ಕಡಿಮೆಯಾದಾಗಲೆಲ್ಲ ಅಳತೆ ಮತ್ತೆ ಹೊಂದಿಸಬೇಕು.

ಬಿಚ್ಚಿದೊಡನೆ ಚರ್ಮ ನೋಡಿ: ಮೊಣಕಾಲಿನ ಕೆಳಗಿನ ಮೂಳೆ, ಕಣಕಾಲಿನ ಗಂಟು, ಹಿಮ್ಮಡಿ, ಸೊಂಟದ ಎರಡು ಬದಿ, ಬೆನ್ನಿನ ಕೆಳಭಾಗ. ಬೆನ್ನಿಗೆ ಉದ್ದ ಹಿಡಿಯ ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾ. ಪುಸ್ತಕಗಳು 'ಕೆಂಪಾಗಿದೆಯೇ ನೋಡಿ' ಎನ್ನುತ್ತವೆ, ನಮ್ಮ ಕಂದು ಮತ್ತು ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿನ ಚರ್ಮಕ್ಕಿಂತ ಗಾಢವಾದ, ನೇರಳೆ ಛಾಯೆಯ ಗುರುತು ಹುಡುಕಿ. ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ನೋಡಿ. ಒತ್ತಿ ಗಟ್ಟಿಯಾಗಿದೆಯೇ ನೋಡಿ. ಅರ್ಧ ಗಂಟೆಯಲ್ಲಿ ಗುರುತು ಮಾಯವಾಗದಿದ್ದರೆ ಅದು ಹೋಗುವವರೆಗೆ ಯಂತ್ರ ಮುಟ್ಟಬೇಡಿ. ಆ ಜಾಗಕ್ಕೆ ಮೆತ್ತೆ ಸೇರಿಸಿ ಅದೇ ದಿನ ಮುಂದುವರಿಸುವ ಜಾಣತನ ಒಂದು ಹುಣ್ಣು ಮತ್ತು ತಿಂಗಳುಗಟ್ಟಲೆ ಹಾಸಿಗೆಗೆ ದಾರಿ.

ಮನೆಯೊಳಗೆ ಚಾಪೆ, ಕಂಬಳಿ, ತಂತಿ ತೆಗೆಯಿರಿ. ಒರೆಸಿದ ನೆಲ ಒಣಗಬೇಕು. ಬಚ್ಚಲಿಗೆ ಯಂತ್ರ ತೊಟ್ಟು ಹೋಗುವಂತಿಲ್ಲ. ಮಕ್ಕಳು ಮತ್ತು ನಾಯಿ ದೂರವಿರಲಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊತ್ತು ನೋಡಿ ಅಭ್ಯಾಸ ಮಾಡಿ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ದೇಹದ ಕೆಳಭಾಗದಲ್ಲಿ ಬೆವರು ಬರುವುದಿಲ್ಲ, ಮೈ ಬಿಸಿ ಬೇಗ ಏರುತ್ತದೆ. ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಕರೆಂಟು ಹೋಗುವ ಊರಾದರೆ ರಾತ್ರಿಯೇ ಚಾರ್ಜ್ ಮಾಡಿ ಮುಗಿಸಿ.

ಫಲವನ್ನು ಹೇಗೆ ಅಳೆಯುವುದು? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬೆನ್ನುಹುರಿಗೆ ಪೆಟ್ಟಾದ 161 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಲಿಕುರ್ಚಿಯ ಜೊತೆಗೆ ಮನೆಗೆ ಎಕ್ಸೊಸ್ಕೆಲಿಟನ್ ಪಡೆದವರಿಗೂ ಬರೀ ಗಾಲಿಕುರ್ಚಿ ಬಳಸಿದವರಿಗೂ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೈಯ ವಿಷಯದಲ್ಲಿ ಬ್ರಿಟನ್ನಿನಲ್ಲಿ ಲಕ್ವ ಹೊಡೆದ 770 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಆಸ್ಪತ್ರೆಯ ರೋಬೋಟಿನ ಅಭ್ಯಾಸದಿಂದ ಕೈಯ ನಿತ್ಯಬಳಕೆ ಮಾಮೂಲಿ ಆರೈಕೆಗಿಂತ ಉತ್ತಮವಾಗಲಿಲ್ಲ. ಯಾರಿಗೂ ಪ್ರಯೋಜನವಿಲ್ಲ ಎಂದು ಇದರ ಅರ್ಥವಲ್ಲ, ಸರಾಸರಿಯ ಹಿಂದೆ ಒಬ್ಬೊಬ್ಬರ ಕಥೆ ಬೇರೆ ಇರುತ್ತದೆ. ಆದ್ದರಿಂದ ನಿಮ್ಮ ಮೂರು ಕೆಲಸಗಳ ಪಟ್ಟಿಯನ್ನೇ ಗೋಡೆಗೆ ಅಂಟಿಸಿ, ವಾರಕ್ಕೊಮ್ಮೆ ಎಷ್ಟು ಸಲ ಯಂತ್ರ ತೊಟ್ಟಿರಿ, ಯಾವ ಕೆಲಸ ಆಯಿತು ಎಂದು ಬರೆಯುತ್ತ ಹೋಗಿ. ಎರಡು ತಿಂಗಳಲ್ಲಿ ಕಾಗದವೇ ಉತ್ತರ ಹೇಳುತ್ತದೆ.

ಏಳನೆಯದು: ದುಡ್ಡು ಮತ್ತು ಕಾಗದ

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2024ರಲ್ಲಿ ಒಂದು ವೈಯಕ್ತಿಕ ನಡಿಗೆ ಯಂತ್ರಕ್ಕೆ ನಿಗದಿ ಮಾಡಿದ ಮೊತ್ತ 91,000 ಡಾಲರ್ ಹತ್ತಿರ, ಆಗಿನ ದರದಲ್ಲಿ ಮುಕ್ಕಾಲು ಕೋಟಿ ರೂಪಾಯಿ. ನಮ್ಮಲ್ಲಿ ಕೇಂದ್ರದ ಎಡಿಐಪಿ ಯೋಜನೆ ಗಾಲಿಕುರ್ಚಿ, ಕ್ಯಾಲಿಪರ್, ತ್ರಿಚಕ್ರ ಸೈಕಲ್‌ನಂತಹ ಸಾಧನಗಳಿಗೆ ನೆರವಾಗುತ್ತದೆ. ಅದರ ಲೆಕ್ಕ ಸಾವಿರಗಳಲ್ಲಿದೆ, ಲಕ್ಷಗಳಲ್ಲಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಯಾವ ನೆರವಿಗೂ ಅದೇ ಬಾಗಿಲು. ಗಾಲಿಕುರ್ಚಿಯ ತರಬೇತಿಗೆ ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಕ್ಯಾಲಿಪರ್‌ಗೆ ಮೊಬಿಲಿಟಿ ಇಂಡಿಯಾದಂತಹ ಸಂಸ್ಥೆಗಳಿವೆ. ನಿಂತು ನೋಡುವ ಆಸೆಯಷ್ಟೇ ಇದ್ದರೆ ಐಐಟಿ ಮದ್ರಾಸ್‌ನ ಕೇಂದ್ರ ರೂಪಿಸಿದ, ಕುಳಿತವರನ್ನು ನಿಲ್ಲಿಸುವ ಅರೈಸ್ ಗಾಲಿಕುರ್ಚಿಯನ್ನೂ ಹೋಲಿಸಿ ನೋಡಿ. ಮೋಟರಿಲ್ಲದ್ದರಿಂದ ಕೆಡುವುದಕ್ಕೂ ಕಡಿಮೆ.

ಕೊಳ್ಳುವುದೇ ಎಂದಾದರೆ ಎರಡು ದಾಖಲೆ ಕೇಳಿ. ಒಂದು, ವೈದ್ಯಕೀಯ ಸಾಧನವೆಂದು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಅಥವಾ ರಾಜ್ಯದ ಪರವಾನಗಿ ಪ್ರಾಧಿಕಾರ ಕೊಟ್ಟ ಉತ್ಪಾದನೆ ಅಥವಾ ಆಮದು ಪರವಾನಗಿಯ ಸಂಖ್ಯೆ. 2023ರ ಅಕ್ಟೋಬರ್‌ನಿಂದ ಎಲ್ಲ ವರ್ಗದ ವೈದ್ಯಕೀಯ ಸಾಧನಗಳೂ ನಿಯಂತ್ರಣದ ಅಡಿಗೆ ಬಂದಿವೆ, ಆದ್ದರಿಂದ 'ನಮಗೆ ಅದು ಅನ್ವಯಿಸುವುದಿಲ್ಲ' ಎಂಬ ಮಾತಿಗೆ ಬರಹದಲ್ಲಿ ಉತ್ತರ ಕೇಳಿ. ಎರಡು, ದುರಸ್ತಿಯ ಕರಾರು. 2024ರಲ್ಲಿ ಅಮೆರಿಕದ ಮಾಜಿ ಕುದುರೆ ಸವಾರರೊಬ್ಬರ ಎಕ್ಸೊಸ್ಕೆಲಿಟನ್, ಮೂರೂವರೆ ಲಕ್ಷಕ್ಕೂ ಹೆಚ್ಚು ಹೆಜ್ಜೆ ನಡೆದ ಮೇಲೆ, ನಿಯಂತ್ರಕ ಗಡಿಯಾರಕ್ಕೂ ಬ್ಯಾಟರಿಗೂ ನಡುವಿನ ಸಣ್ಣ ತಂತಿ ಕೆಟ್ಟು ನಿಂತುಹೋಯಿತು. ಐದು ವರ್ಷ ದಾಟಿದ ಯಂತ್ರ ಎಂದು ಕಂಪನಿ ಮುಟ್ಟಲು ಒಪ್ಪಲಿಲ್ಲ. ಸುದ್ದಿಯಾದ ಮೇಲೆ ಸರಿಹೋಯಿತು. ನಮ್ಮೂರಿನಲ್ಲಿ ಸುದ್ದಿಯಾಗುವ ಭರವಸೆ ಇಟ್ಟುಕೊಳ್ಳಬೇಡಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬ್ಯಾಟರಿಯ ಬೆಲೆ ಎಷ್ಟು, ತಂತ್ರಜ್ಞ ಯಾವ ಊರಿನಲ್ಲಿದ್ದಾರೆ, ದುರಸ್ತಿಗೆ ಹೋದಾಗ ಬದಲಿ ಯಂತ್ರ ಕೊಡುತ್ತಾರೆಯೇ, ಕಂಪನಿ ಮುಚ್ಚಿದರೆ ತಂತ್ರಾಂಶ ನಡೆಯುತ್ತದೆಯೇ? ಉತ್ತರಗಳೆಲ್ಲ ಸಹಿ ಹಾಕಿದ ಕಾಗದದಲ್ಲಿರಲಿ.

ಬಾಡಿಗೆಗೆ ಅಥವಾ ಕೇಂದ್ರದಲ್ಲಿ ಸರದಿಗೆ ಸಿಗುವುದಾದರೆ ಮೊದಲು ಅದನ್ನೇ ಹಿಡಿಯಿರಿ. ಇರುವ ಗಾಲಿಕುರ್ಚಿಯನ್ನು ಮಾರುವ ಯೋಚನೆ ಬೇಡ. ಯಂತ್ರಕ್ಕೆ ಎತ್ತಿಟ್ಟ ಹಣದಲ್ಲಿ ಮೊದಲ ಕಂತು ಅದರ ಕುಶನ್‌ಗೆ ಹೋಗಲಿ. ದಿನದ ಹೆಚ್ಚಿನ ಹೊತ್ತು ಕಳೆಯುವುದು ಅದರ ಮೇಲೆಯೇ. ಗಾಳಿಯ ಕುಶನ್ ಆದರೆ ದಿನವೂ ಕೂತವರ ಕೆಳಗೆ ಕೈ ಹಾಕಿ ನೋಡಿ: ಮೂಳೆಗೂ ಕುಶನ್ನಿನ ತಳಕ್ಕೂ ನಡುವೆ ಒಂದು ಬೆರಳಿನ ದಪ್ಪದಷ್ಟಾದರೂ ಗಾಳಿ ಇರಬೇಕು.